ಗುಂಡಿಗಿಟ್ಟ ಕುಂಕುಮ

ಯಾರ ದನಿಯನ್ನಾದರೂ ಒಂದೇ ವಾರದಲ್ಲಿ ಕದಿಯುವ ಚಾಳಿ ನನಗಿದೆ. ಐರ್ಲೆಂಡಿನ ರಿಂಗಾಸ್ಕಿಡಿಯ ಔಷಧ ಕಾರ್ಖಾನೆಯಲ್ಲಿ ಮಾತ್ರೆ ಪರೀಕ್ಷಿಸುವ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಮೇಲ್ವಿಚಾರಕಿಯ ಕೆಮ್ಮು, ‘ಸರಿ’ ಎನ್ನಲು ಬಸ್ ಚಾಲಕ ಬಳಸುವ ‘ಗ್ರ್ಯಾಂಡ್’, ಬಾಯ್ಲರ್ ಸರಿಯಿದೆ ಎಂದು ಮನೆ ಮಾಲೀಕ ಸುಳ್ಳು ಹೇಳುವಾಗಿನ ರಾಗ, ಎಲ್ಲವೂ ನನ್ನ ಬಾಯಿಗೆ ಬಂದಿದ್ದವು. ಕೇಳುವವರು ಮಾತ್ರ ಇರಲಿಲ್ಲ. ಬಾಡಿಗೆ ಮನೆಯಲ್ಲಿ ಜೊತೆಗಿದ್ದ ಮೂವರೂ ಬೇರೆ ಬೇರೆ ಶಿಫ್ಟಿನವರು. ಸಿಂಕಿನಲ್ಲಿ ಬಿಟ್ಟುಹೋದ ತಟ್ಟೆಗಳಿಂದಷ್ಟೇ ಅವರ ಪರಿಚಯ. ನಾನು ಅಡುಗೆಮನೆಯಲ್ಲಿ ನಿಂತು ಕೆಟಲ್‌ಗೆ ಮಿಮಿಕ್ರಿ ಮಾಡುತ್ತಿದ್ದೆ. ನೀರು ಕುದಿದು ಅದು ‘ಟಕ್’ ಎಂದರೆ ಚಪ್ಪಾಳೆ ಬಿತ್ತೆಂದು ಲೆಕ್ಕ.

ಒಂದು ದಿನ ಕ್ಯಾಂಟೀನಿನಲ್ಲಿ, ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯ ಫಿಟ್ಟರ್ ಒಬ್ಬರ ದನಿಯನ್ನು ನನ್ನಷ್ಟಕ್ಕೇ ಮಾಡುತ್ತಿದ್ದೆ. ಅವರು ನನ್ನ ಬೆನ್ನ ಹಿಂದೆಯೇ ಸೂಪು ಹಿಡಿದು ನಿಂತಿದ್ದರು. ಅವರ ಕಾರ್ಕ್ ಸೀಮೆಯ ಇಂಗ್ಲಿಷ್ ನನ್ನ ತಲೆಯೊಳಗೆ ಯಾಕೋ ಮಂಡ್ಯದ ಕನ್ನಡವಾಗಿಯೇ ಇಳಿಯುತ್ತಿತ್ತು. ಇಲ್ಲೂ ಹಾಗೇ ಬರೆಯುತ್ತೇನೆ.

“ನನ್ ದನಿ ಚೆಂದಾಗ್ ಮಾಡ್ತೀಯ ಕಣ್ಲಾ. ಶನಿವಾರ ಏನ್ ಮಾಡ್ತೀಯೆ?”

“ಏನೂ ಇಲ್ಲ.” ಅದೊಂದು ನಿಜವನ್ನು ನಾನು ಯಾರ ದನಿಯನ್ನೂ ಸಾಲ ಪಡೆಯದೆ ಹೇಳಿದೆ.

ಹಾಗೆ ಶುರುವಾಯಿತು ಶನಿವಾರಗಳ ರೈಫಲ್ ಕ್ಲಬ್ಬು. ಅವರದು ಸಣ್ಣ ಗುಂಡಿನ ಸೆಮಿ ಆಟೋಮ್ಯಾಟಿಕ್ ರೈಫಲ್. ಒಂದು ಗುಂಡು ಹಾರಿದ ರಭಸಕ್ಕೇ ಖಾಲಿ ಹಿತ್ತಾಳೆ ಕವಚ ಹೊರಗೆ ಚಿಮ್ಮಿ, ಮುಂದಿನದು ತಾನಾಗಿ ಒಳಗೆ ಕೂರಬೇಕು. ಗುಂಡಿನ ಮದ್ದಿಗೆ ಬಲ ಕೊಂಚ ಕಡಿಮೆಯಿದ್ದರೂ, ಕೊಳೆಯಿದ್ದರೂ ಕವಚ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ.

“ಇದಕ್ಕೆ ನಾಲಿಗೆ ಜಾಸ್ತಿ,” ಎನ್ನುತ್ತಿದ್ದರು. “ಒಂದ್ ಕಂಪ್ನೀದು ತಿಂತದೆ, ಇನ್ನೊಂದ್ನ ಉಗೀತದೆ. ಡಬ್ಬಿ ಮ್ಯಾಲೆ ಏನ್ ಬರ್ದವ್ರೆ ಅಂತ ನೋಡ್ಬ್ಯಾಡ. ಇದನ್ನೇ ಕೇಳು.”

ಪ್ರತಿ ಶರತ್ಕಾಲದಲ್ಲೂ ಅವರು ಮೂರು ಬಗೆಯ ಗುಂಡುಗಳ ಒಂದೊಂದು ಡಬ್ಬಿ ತಂದು, ಹತ್ತು ಹತ್ತು ಹೊಡೆದು, ಯಾವುದು ಎಷ್ಟು ಸಲ ಸಿಕ್ಕಿಕೊಂಡಿತೆಂದು ಬರೆಸುತ್ತಿದ್ದರು. ಒಂದೇ ವಾರ ನಂಬುವಂತಿರಲಿಲ್ಲ. ಮೂರು ಶನಿವಾರ ಗೆದ್ದದ್ದನ್ನೇ, ಅದೇ ಲಾಟ್ ನಂಬರಿನದನ್ನೇ, ಅಂಗಡಿಯವನಿಂದ ವರ್ಷಕ್ಕಾಗುವಷ್ಟು ತರುತ್ತಿದ್ದರು. ಒಂದೇ ಲಾಟಿನ ಮಾತ್ರೆಗಳನ್ನು ಇಡೀ ವಾರ ಪರೀಕ್ಷಿಸುವ ನನಗೆ ಇದೆಲ್ಲ ನೆಂಟರ ಮನೆಯಂತಿತ್ತು. ಪರವಾನಗಿ ಅವರದು. ಅತಿಥಿಯಾದ ನನ್ನ ಪಾಲಿಗೆ ಪುಸ್ತಕ ಮತ್ತು ಪೆನ್ನು.

ಆ ವರ್ಷ ಮೂರನೆಯ ಶನಿವಾರವೇ ಆಯುಧಪೂಜೆ. ಬೆಳಿಗ್ಗೆ ಅಮ್ಮ ಫೋನ್ ಮಾಡಿದಳು.

“ಹೊಲಿಗೆ ಮೆಷಿನ್ನು, ಮಿಕ್ಸಿ, ಸ್ಕೂಟರು, ಎಲ್ಲಕ್ಕೂ ಆಯ್ತು. ನಿಂದೇನೋ?”

“ನಂಗೆ ನಾಲಿಗೇನೇ ಆಯುಧ ಅಮ್ಮ.”

“ಹಾಗಾದ್ರೆ ಅದಕ್ಕೇ ಕುಂಕುಮ ಇಟ್ಕೊಂಡು ಒಂದಿನ ಸುಮ್ನಿರು.”

ಸೂಟ್‌ಕೇಸಿನಲ್ಲಿ ಅವಳೇ ಇಟ್ಟಿದ್ದ ಕುಂಕುಮದ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ಹೊರಟೆ. ಹಬ್ಬವನ್ನು ಕೆಟಲ್ ಜೊತೆ ಮಾಡಲು ಮನಸ್ಸಾಗಲಿಲ್ಲ.

ಕ್ಲಬ್ಬಿನ ಮೊದಲ ನಿಯಮ: ಮುಂದೆ ಯಾರಾದರೂ ಗುರಿಹಲಗೆಯ ಬಳಿ ಇರುವಾಗ ಮೇಜಿನ ಮೇಲಿನದೇನನ್ನೂ ಮುಟ್ಟಬಾರದು. ಅವರು ಕಾಗದ ಅಂಟಿಸಲು ಐವತ್ತು ಮೀಟರ್ ಆಚೆ ನಡೆದಾಗ ನಾನು ಮೂರನೆಯ ಡಬ್ಬಿ ತೆರೆದೆ. ಹಿಂದಿನ ಎರಡು ವಾರ ಅದು ಒಮ್ಮೆಯೂ ಸಿಕ್ಕಿಕೊಂಡಿರಲಿಲ್ಲ. ಅದೇ ಗೆಲ್ಲಲೆಂದು ಇಬ್ಬರಿಗೂ ಆಸೆ. ಬೆರಳು ಒದ್ದೆ ಮಾಡಿಕೊಂಡು ಹತ್ತು ಗುಂಡುಗಳ ತಳಕ್ಕೆ ಒಂದೊಂದು ಬೊಟ್ಟು ಇಟ್ಟೆ. ಕೈ ಮುಗಿದೆ. ಡಬ್ಬಿ ಮುಚ್ಚಿದೆ.

ಅವರ ಕನ್ನಡಕ ದೂರಕ್ಕಷ್ಟೇ. ಗುಂಡು ತುಂಬುವುದೆಲ್ಲ ಬೆರಳಿನ ಅಂದಾಜಿನಲ್ಲಿ. ಮೊದಲೆರಡು ಡಬ್ಬಿ ಎಂದಿನಂತೆ ಒಂದೊಂದು ಸಲ ತೊಡರಿದವು. ಮೂರನೆಯದು ಎರಡನೇ ಗುಂಡಿಗೇ ನಿಂತಿತು. ಬಿಡಿಸಿದರು. ನಾಲ್ಕಕ್ಕೆ ಮತ್ತೆ. ಆರಕ್ಕೆ ಮತ್ತೆ. ರೈಫಲ್ ಖಾಲಿ ಮಾಡಿ ಒಳಗೆ ಬಿಳಿ ಬಟ್ಟೆ ಆಡಿಸಿದಾಗ ಅದು ಕೆಂಪಗೆ ಹೊರಬಂತು.

ಬಟ್ಟೆಯನ್ನು ಬಹಳ ಹೊತ್ತು ನೋಡಿದರು. “ತುಕ್ಕು,” ಎಂದರು.

ನಾನು ಪೆನ್ನು ಹಿಡಿದು ಕೂತಿದ್ದೆ.

“ಎಣ್ಣೆ ಹಾಕಿದ್ದೆ ಅಂದ್ಕಂಡಿದ್ದೆ. ಮರ್ತಿರ್ಬೇಕು. ನಮ್ಮವಳಿಗೂ ಹಿಂಗೇ ಸುರುವಾಗಿದ್ದು. ಒಲೆ ಆರ್ಸಿದ್ದೆ ಅಂತಿದ್ಲು, ಅದು ಉರೀತಾನೇ ಇರ್ತಿತ್ತು.” ಬಟ್ಟೆಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. “ಈ ಸಲ ಲೈಸೆನ್ಸು ರಿನ್ಯೂ ಮಾಡ್ಸಕಿಲ್ಲ ಬುಡು.”

ಅವರ ಹೆಂಡತಿ ತೀರಿಕೊಂಡಿದ್ದರೆಂದು ಗೊತ್ತಿತ್ತು. ಹೇಗೆಂದು ಗೊತ್ತಿರಲಿಲ್ಲ. ಸುಮ್ಮನಿದ್ದರೆ ಅವರು ತಮ್ಮ ತಲೆಯ ಮೇಲೆ ನಂಬಿಕೆ ಕಳೆದುಕೊಳ್ಳುತ್ತಿದ್ದರು. ಬಾಯಿಬಿಟ್ಟರೆ ನನ್ನ ಶನಿವಾರ ಹೋಗುತ್ತಿತ್ತು. ಅಭ್ಯಾಸಬಲದಿಂದ ಅವರದೇ ದನಿಯಲ್ಲಿ ಶುರುಮಾಡಿದೆ: “ಅದು ತುಕ್ಕಲ್ಲ ಕಣ್ಲಾ...”

“ಈಗ ಬ್ಯಾಡ. ನಿನ್ ದನೀಲಿ ಹೇಳು.”

ನನ್ನ ದನಿ ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಬಂದದ್ದು ತೀರಾ ಸಣ್ಣದಾಗಿ, ಯಾರೋ ಅಪರಿಚಿತನದೆಂಬಂತೆ ಬಂತು. ಪೊಟ್ಟಣ ತೋರಿಸಿ, ಹಬ್ಬದ ವಿಷಯ ಹೇಳಿ, ಎಲ್ಲವನ್ನೂ ಒಪ್ಪಿಕೊಂಡೆ.

ಕುಂಕುಮವನ್ನು ಬೆರಳುಗಳ ನಡುವೆ ಉಜ್ಜಿ ನೋಡಿದರು. ನಗುತ್ತಾರೆಂದುಕೊಂಡೆ.

“ನಾನ್ ಮುಂದ್ಗಡೆ ಇದ್ದಾಗ ಮುಟ್ಟಿದ್ಯಾ?”

“ಹೂಂ.”

ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿದರು. “ಒಂದ್ ತಿಂಗ್ಳು ಮೇಜಿನ್ ಹಿಂದಿರೋ ಆ ಹಳದಿ ಗೆರೆ ದಾಟಂಗಿಲ್ಲ. ಹಿಂದ್ಗಡೆ ಬೆಂಚ್ ಅದೆ, ಕೂತ್ಕೊ.”

ಅವರೇ ಕಾರಿನಲ್ಲಿ ಕರೆತಂದರು. ನನ್ನ ಮನೆ ಮುಂದೆ ನಿಲ್ಲಿಸಿ, ಸ್ಟೀರಿಂಗ್ ನೋಡುತ್ತಲೇ ಕೇಳಿದರು: “ಎಣ್ಣೆ ಹಾಕಿದ್ದೆ, ಅಲ್ವಾ?”

“ಹಾಕಿದ್ರಿ. ಹೋದ ವಾರ ನಾನೇ ನೋಡ್ದೆ.”

“ಗ್ರ್ಯಾಂಡ್,” ಎಂದರು.

ಮುಂದಿನ ಶನಿವಾರ ಬೆಂಚಿನಲ್ಲಿ ಕೂತೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ದೂರದಲ್ಲಿ ಅವರ ಬೆನ್ನು, ಮೇಜಿನ ಮೇಲೆ ತೊಳೆದಂತಿದ್ದ ರೈಫಲ್, ಮೂರನೆಯ ಡಬ್ಬಿಯ ಉಳಿದ ಗುಂಡುಗಳು. ಎಣಿಸಿದೆ. ಹತ್ತು ಸದ್ದು, ಹತ್ತು ಬಾರಿ ಹಿತ್ತಾಳೆ ಹೊಳೆದು ಹಾರಿತು. ಅವರು ಪುಸ್ತಕದ ಮೇಲೆ ಬಗ್ಗಿ, ಕಣ್ಣಿಗೆ ತೀರಾ ಹತ್ತಿರ ಹಿಡಿದು, ತಾವೇ ಬರೆದುಕೊಂಡರು. ಆಮೇಲೆ ತಿರುಗದೆಯೇ ಒಂದು ಹೆಬ್ಬೆರಳು ಎತ್ತಿದರು.

ನಾನೂ ಎತ್ತಿದೆ. ಅವರು ನೋಡುತ್ತಿರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದೆ.