ಸ್ಪ್ಯಾನಿಷ್ ಮೇಡಂ ಕೊಬ್ಬರಿ ಆರಿಸಿದರು

“ಇವ್ಳಿಗೆ ಯಾರ ಗುರುತೂ ಇಲ್ಲ ಕಣಕ್ಕ. ನಾಳೆ ವೃದ್ಧಾಶ್ರಮಕ್ಕೆ ಬುಟ್ಟು ಬತ್ತೀನಿ” ಎಂದು ನೆರೆಮನೆಯ ಶಿವಣ್ಣ ನನಗೆ ಹೇಳಿದ, ಅವನ ಸ್ವಂತ ಅಕ್ಕ ಗಿರಿಜಳ ಎದುರಿಗೇ. ದೆಹಲಿಯಲ್ಲಿ ಜೀವನವಿಡೀ ಸ್ಪ್ಯಾನಿಷ್ ಕಲಿಸಿ, ಆ ಭಾಷೆಗೆ ನಿಘಂಟು ಬರೆದವಳು ಅವಳು. ಲಕ್ವ ಹೊಡೆದ ಮೇಲೆ ಕನ್ನಡ ಹೋಗಿ ಅದೊಂದೇ ಉಳಿದಿತ್ತು.

ನಾನು ಅವರ ಅಂಗಳದಲ್ಲಿ ಅಟ್ಟದಿಂದ ಇಳಿಸಿದ ಕಾಯಿ ಆರಿಸುತ್ತಿದ್ದೆ. ಗಿರಿಜ ಕುರ್ಚಿಯಿಂದ ಬಗ್ಗಿ, ಸರಿಯಿದ್ದ ಕೈಯಲ್ಲಿ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ನೀರು ಕುಲುಕಿತು. ಇನ್ನೂ ಕೊಬ್ಬರಿಯಾಗಿರಲಿಲ್ಲ. ಅದನ್ನು ಅಟ್ಟಕ್ಕೆ ವಾಪಸ್ ಹೋಗುವ ರಾಶಿಗೆ ಹಾಕಿದಳು. ಇನ್ನೊಂದು ಒಣಗಿ ಗಡಗಡ ಎಂದಿತು. ಅದನ್ನು ತಮ್ಮನ ಕೈಗಿಟ್ಟು ತನ್ನ ಸ್ಪ್ಯಾನಿಷ್‌ನಲ್ಲಿ ಏನೋ ಗದರಿದಳು.

“ಏನಂತಾಳಕ್ಕ?” ಎಂದ ಶಿವಣ್ಣ.

“ನಂಗೇನ್ ಗೊತ್ಲಾ? ಕುಂತ್ಕಂಡು ಸುಲಿ ಅಂತಿರ್ಬೇಕು. ಸಣ್ಣೋನಿದ್ದಾಗ್ಲೂ ನಿನ್ನ ಹಿಂಗೇ ಗದರ್ಸೋಳು” ಎಂದೆ.

ಅವನೂ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ. ಆಮೇಲೆ ಕೂತು ಸುಲಿದ.

ಆಶ್ರಮದ ಮಾತು ಮತ್ತೆ ಬರಲಿಲ್ಲ. ಕನ್ನಡ ಬರುತ್ತಿದ್ದಾಗ ಊರಿಗೆ ಬಂದರೂ ನನ್ನ ಹತ್ತಿರ ಎರಡು ಮಾತಾಡಲು ಅವಳಿಗೆ ಪುರುಸೊತ್ತಿರಲಿಲ್ಲ. ಈಗ ಹೋದರೆ ಸಂಜೆವರೆಗೂ ಬಿಡುವುದಿಲ್ಲ. ಒಂದೂ ಅರ್ಥವಾಗುವುದಿಲ್ಲ, ಆದರೂ ಹೋಗುತ್ತೇನೆ.