ಮಸ್ಕಿಯ ಗುಂಡಿಯಲ್ಲಿ ಕೈಗೆ ಸಿಕ್ಕ ಕಚ್ಚು

ಮಧ್ಯಾಹ್ನ ಮೂರು ಹೊಡೆದು ಹತ್ತು ನಿಮಿಷ ದಾಟಿ ಸ್ವಲ್ಪ ಹೊತ್ತಿಗೇ ಎತ್ತುಗಳು ಹಿಂದಕ್ಕೆ ನಡೆದವು. ಅದಕ್ಕೆ ತುಸು ಮುಂಚೆ ನನ್ನ ಸೋದರಮಾವ ಜೇಬುಗಡಿಯಾರ ನೋಡಿ, ಗುಂಡಿಯ ತಳದಲ್ಲಿದ್ದ ನನಗೆ ಕೂಗಿ ಹೇಳಿದ್ದರು.

“ಮೂರು ಹೊಡದು ಹತ್ತಾತಲೇ ಅಳಿಯಾ! ಬಂಗಾರ ಸಿಕ್ಕಿದ್ರ ಕಟಗೊಂಡು ಬಾ, ಇಲ್ಲಂದ್ರ ಬರಿಗೈಲೇ ಬಾ!”

ಆ ಗುಂಡಿ ಇದ್ದದ್ದು ಮಸ್ಕಿಯಿಂದ ಪಾಮನಕಲ್ಲೂರಿಗೆ ಹೋಗುವ ಕಡೆ, ಮಾವನ ಹೊಲದ ಹಿಂದಿನ ಗುಡ್ಡದಲ್ಲಿ. ಯಾವ ಕಾಲದವರೋ ಬಂಗಾರಕ್ಕಾಗಿ ತೋಡಿ ಬಿಟ್ಟುಹೋದದ್ದು. ಆಗ ನಿಜಾಮರ ಆಳ್ವಿಕೆ. ಸಿಂಧನೂರಿನಿಂದ ಹೈದರಾಬಾದಿಗೆ ಹೋಗಿ, ವಿಶ್ವವಿದ್ಯಾಲಯದಲ್ಲಿ ಉರ್ದುವಿನಲ್ಲಿ ಭೂಗರ್ಭಶಾಸ್ತ್ರ ಓದುತ್ತಿದ್ದೆ. ಒಂದು ವರ್ಷ ಮುಗಿದಿತ್ತು. ಮರದ ಪೆಟ್ಟಿಗೆಗಳಲ್ಲಿ ಚೀಟಿ ಅಂಟಿಸಿಟ್ಟ ಕಲ್ಲಿನ ಚೂರುಗಳನ್ನು ಎತ್ತಿ ನೋಡುವುದು, ಹೆಸರು ಹೇಳುವುದು, ಮತ್ತೆ ಇಡುವುದು. ಇದಕ್ಕಾಗಿಯೇ ನಾನು ಇಷ್ಟು ದೂರ ಬಂದೆನೇ ಎಂಬ ಅನುಮಾನ ಚಳಿಗಾಲದಲ್ಲೇ ಶುರುವಾಗಿತ್ತು.

ಮಾವನಿಗೆ ಅನುಮಾನವೇ ಇರಲಿಲ್ಲ. “ಕಲ್ಲು ಕುಟ್ಟಾಕ ಹೈದರಾಬಾದ್ ಯಾಕಲೇ? ನನ್ನ ಹೊಲದಾಗ ಬೇಕಾದಷ್ಟು ಅದಾವ,” ಎನ್ನುತ್ತಿದ್ದರು. ಲಿಂಗಸುಗೂರಿನ ವಕೀಲರೊಬ್ಬರ ಹತ್ತಿರ ಮಾತಾಡಿಯೂ ಬಂದಿದ್ದರು. ಓದು ಬಿಟ್ಟು ಅವರ ಕೈಕೆಳಗೆ ಸೇರಿ, ವಕಾಲತ್ತಿನ ಪರೀಕ್ಷೆ ಕಟ್ಟಬೇಕು. ರಜೆ ಮುಗಿಯುವುದರೊಳಗೆ ಉತ್ತರ ಕೊಡಬೇಕಿತ್ತು. ನನ್ನ ಅರ್ಧ ಮನಸ್ಸು ಆಗಲೇ ಲಿಂಗಸುಗೂರಿಗೆ ಹೋಗಿತ್ತು. ಗುಂಡಿಯೊಳಗೆ ಒಮ್ಮೆ ಇಳಿದು ನೋಡುವುದು, ಏನೂ ಅನಿಸದಿದ್ದರೆ ಬಿಟ್ಟೇಬಿಡುವುದು ಎಂದು ನನ್ನೊಳಗೇ ಕರಾರು ಮಾಡಿಕೊಂಡಿದ್ದೆ.

ಇಳಿಸುವ ಏರ್ಪಾಡು ಮಾವನದು. ಗುಂಡಿಯ ಬಾಯಿಗೆ ಎರಡು ಕಂಬ ನೆಟ್ಟು ಗಾಲಿ ಕಟ್ಟಿದರು. ತೋಟದ ಬಾವಿಯಲ್ಲಿ ಕಪಿಲೆ ಎಳೆಯುವ ಜೋಡೆತ್ತುಗಳನ್ನು ತಂದು ಹಗ್ಗಕ್ಕೆ ಹೂಡಿದರು. ಎತ್ತುಗಳು ಮುಂದಕ್ಕೆ ನಡೆದರೆ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತದೆ. ಹಿಂದಕ್ಕೆ ನಡೆದರೆ ಬಾವಿಗಿಳಿಯುತ್ತದೆ. ಈಗ ಚೀಲದ ಜಾಗದಲ್ಲಿ ನಾನು. ಸೊಂಟಕ್ಕೆ ಹಗ್ಗ, ಕೂರಲು ಒಂದು ಅಡ್ಡಗಟ್ಟಿಗೆ, ಕೈಯಲ್ಲಿ ಕಂದೀಲು.

ತಳದಲ್ಲಿ ಕಲ್ಲುಪುಡಿ, ಬಾವಲಿಗಳ ನಾತ. ಅಷ್ಟೇ. ಲಿಂಗಸುಗೂರೇ ಸರಿ ಎಂದುಕೊಂಡು, “ಎಳೀರಿ ಮಾವಾ,” ಎಂದೆ.

ಅರ್ಧ ದಾರಿಯಲ್ಲಿ ಕಂದೀಲಿನ ಬೆಳಕಿಗೆ ಗೋಡೆ ಕಪ್ಪಗೆ ಕಂಡಿತು. ಬೆರಳಿಟ್ಟರೆ ಮಸಿ. ಬಂಡೆಯ ಮೇಲೆ ಬೆಂಕಿ ಹಾಕಿ, ಕಾದ ಕಲ್ಲು ಬಿರುಕು ಬಿಟ್ಟ ಮೇಲೆ ಕುಟ್ಟುತ್ತಿದ್ದರು ಎಂದು ಪಾಠದಲ್ಲಿ ಒಂದು ಸಾಲು ಓದಿದ್ದೆ. ಇನ್ನಷ್ಟು ನೋಡಬೇಕೆಂದು, “ನಿಲ್ಲಸ್ರೀ ಮಾವಾ,” ಎಂದು ಕೂಗಿ ಒಂದು ಚಾಚುಕಲ್ಲಿನ ಮೇಲೆ ಕಾಲೂರಿ ನಿಂತೆ.

ಹಗ್ಗದ ಮೇಲಿನ ಭಾರ ಹೋಯಿತು. ದಿನವೂ ಚೀಲ ಬರಿದಾಗಿ ಹಗ್ಗ ಹಗುರಾದ ಕೂಡಲೇ ಹಿಂದಕ್ಕೆ ನಡೆದು ರೂಢಿಯಾದ ಎತ್ತುಗಳು, ಅಂದೂ ಹಾಗೆಯೇ ನಡೆದವು. ಇದು ಮಾವನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಸಡಿಲಾದ ಹಗ್ಗ ನನ್ನ ಹೆಗಲ ಮೇಲೆ ಸುರುಳಿ ಸುರುಳಿಯಾಗಿ ಬಿತ್ತು. ಏನೆಂದು ತಲೆಯೆತ್ತಿದಾಗ ಕಾಲು ಜಾರಿತು.

ಕಂದೀಲು ಎಲ್ಲೋ ಕೆಳಗೆ ಒಡೆದ ಸದ್ದು. ಸೊಂಟ ಎರಡು ತುಂಡಾಯಿತೆನ್ನುವಂತೆ ಹಗ್ಗ ಜಗ್ಗಿತು. ಬಂಡೆ ಕೆರೆಯುತ್ತಿದ್ದ ಬಲಗೈ ಅದರಲ್ಲಿ ಕೊರೆದಿದ್ದ ಒಂದು ಕಚ್ಚಿನೊಳಗೆ ಹೊಕ್ಕು ಅಲ್ಲೇ ಬಿಗಿಯಿತು. ಕಾಲು ತಡಕಾಡಿದರೆ ಕೆಳಗೊಂದು ಕಚ್ಚು. ಎಡಗೈಗೆ ಮೇಲೊಂದು. ಎಲ್ಲವೂ ಒಂದೇ ಅಳತೆಯ ದೂರದಲ್ಲಿ. ಕಚ್ಚಿನ ಅಂಚು ರುಬ್ಬುವ ಕಲ್ಲಿನ ಒಳಮೈಯಷ್ಟು ನುಣುಪಾಗಿತ್ತು. ಉಳಿಯಿಂದ ಆ ನುಣುಪು ಬರುವುದಿಲ್ಲ, ಕೈಗಳಿಂದ ಬಂದದ್ದು. ಕಟ್ಟಿಗೆ ಹೊತ್ತು ಇಳಿದವರು, ಅದಿರು ಹೊತ್ತು ಹತ್ತಿದವರು, ಎಷ್ಟು ತಲೆಮಾರಿನವರೋ ಹಿಡಿದು ಹಿಡಿದು ಸವೆಸಿದ್ದ ಜಾಗದಲ್ಲಿ ನನ್ನ ನಾಲ್ಕು ಬೆರಳು ಸರಿಯಾಗಿ ಕೂತಿದ್ದವು. ಭಯದಿಂದ ಹಲ್ಲು ಕಟಕಟ ಎನ್ನುತ್ತಿತ್ತು. ಆದರೂ ಅವರೆಲ್ಲ ನನ್ನ ಕೈ ಹಿಡಿದು ನಿಲ್ಲಿಸಿದ್ದಾರೆ ಎನಿಸಿ ಮೈ ಜುಮ್ಮೆಂದಿತು. ಪೆಟ್ಟಿಗೆಯ ಚೂರುಗಳು ಇಂಥ ಜಾಗದಿಂದ ಬಂದವು ಎಂದು ಯಾವ ಚೀಟಿಯೂ ಹೇಳಿರಲಿಲ್ಲ.

“ಅಳಿಯಾ! ಇದ್ದೀಯೇನಲೇ?”

“ಇದ್ದೀನ್ರೀ ಮಾವಾ!”

“ಏನರ ಹಿಡಕೊಂಡೀಯೇನು?”

“ಹೂನ್ರೀ!”

“ಬಿಡು ಅದನ್ನ! ಹಗ್ಗ ಹಗುರಾಗೇತಿ. ಎತ್ತು ಮತ್ತ ಹಿಂದ ಸರಿಯಾಕತ್ತಾವ, ನನ್ನ ಕೈಗೆ ನಿಲ್ಲವಲ್ಲವು! ನಿನ್ನ ಭಾರ ಪೂರಾ ಹಗ್ಗಕ್ಕ ಹಾಕು!”

ಇಂದಿಗೂ ನನ್ನನ್ನು ಬೆಚ್ಚಿಸುವುದು ಬಿದ್ದದ್ದಲ್ಲ, ಈ ಮಾತು. ಬೆರಳು ಬಿಡಲೊಲ್ಲವು. ಒಂದೊಂದಾಗಿ ಬಿಡಿಸಿಕೊಂಡೆ. ಕತ್ತಲಲ್ಲಿ ಒಂದು ಗೇಣು ಕುಸಿದೆ. ಹಗ್ಗ ಬಿಗಿಯಿತು, ಗಾಲಿ ಕಿರ್ರೆಂದಿತು. ಎತ್ತುಗಳು ಮುಂದಕ್ಕೆ ನಡೆದವು.

ಮೇಲೆ ಮಾವ ನನ್ನ ಮೈ ಕೈ ಮುಟ್ಟಿ ನೋಡಿದರು. “ನಿಮ್ಮವ್ವಗ ಏನ್ ಹೇಳಬೇಕಿತ್ತಲೇ ನಾನು,” ಎಂದು ಬೈದರು, ಆಮೇಲೆ ಎತ್ತುಗಳ ಮೈಗೆ ಮುಖ ಒತ್ತಿ ನಿಂತರು.

ಆ ದಿನದಿಂದ ನನ್ನ ನಿದ್ದೆ ಹಾರಿಹೋಯಿತು. ಕಣ್ಣು ಹತ್ತಿದೊಡನೆ ಹೆಗಲ ಮೇಲೆ ಹಗ್ಗ ಬೀಳುತ್ತಿತ್ತು. ಇನ್ನೊಂದು ಕಡೆ ಹಗಲೆಲ್ಲ ಆ ಕಚ್ಚುಗಳೇ ಬೆರಳ ತುದಿಯಲ್ಲಿದ್ದವು. ಬಂಡೆ ಎಷ್ಟು ಗಟ್ಟಿ, ಅದು ಸವೆಯಲು ಎಷ್ಟು ಕಾಲ ಬೇಕು? ಇದನ್ನು ಲಿಂಗಸುಗೂರಿನಲ್ಲಿ ಯಾರನ್ನು ಕೇಳುವುದು?

ರಜೆ ಮುಗಿಯುತ್ತ ಬಂದಾಗ ಊಟಕ್ಕೆ ಕೂತಲ್ಲಿ ಮಾವನೇ ಮಾತು ತೆಗೆದರು. “ವಕೀಲರು ಹೇಳಿ ಕಳಿಸ್ಯಾರ. ಏನಂತ ಹೇಳ್ಲಿ?”

“ಬರಂಗಿಲ್ಲ ಅಂತ ಹೇಳ್ರೀ ಮಾವಾ.”

“ಅಷ್ಟಾದ ಮ್ಯಾಲೂ ಕಲ್ಲೇ ಬೇಕಾತೇನಲೇ?”

“ಹೂನ್ರೀ.”

ಮಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. “ಹಂಗಾರ ಇನ್ನೊಮ್ಮೆ ಇಳಿಯೂವಾಗ ನನ್ನ ಎತ್ತು ಕೇಳಬ್ಯಾಡ,” ಎಂದರು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಅಂದು ರಾತ್ರಿ ಹೆಗಲ ಮೇಲೆ ಹಗ್ಗ ಬೀಳಲಿಲ್ಲ. ಮಲಗಿದವನಿಗೆ ಎಚ್ಚರವಾದದ್ದು ಬಿಸಿಲು ಮುಖಕ್ಕೆ ಬಿದ್ದಾಗ. ಹೊಸ್ತಿಲಲ್ಲಿ ಅತ್ತೆ ನಿಂತಿದ್ದರು.

“ಏಳಪಾ ತಮ್ಮಾ. ಎತ್ತು ಕಪಿಲೆ ಹೊಡದು ಬಂದು ಮೇವು ತಿನ್ನಾಕತ್ತಾವ.”