ಗಿಟಾರಿನ ಓಟಕ್ಕೆ ನಾಟಿ

“ಅಕ್ಕಾರ, ಆ ಹಾಡು ಬಂದ್ ಮಾಡ್ರಿ” ಎಂದು ಹನುಮವ್ವ ಕೆಸರಿನಲ್ಲಿ ನಿಂತೇ ಕೇಳಿದಳು. ಪಾಮನಕಲ್ಲೂರಿನಿಂದ ಗೊರೇಬಾಳದ ನಮ್ಮ ಗದ್ದೆಗೆ ಭತ್ತದ ನಾಟಿಗೆ ಬಂದ ಹೆಂಗಸರಲ್ಲಿ ಅವಳೇ ಹಿರಿಯಳು. ಅವರ ಬೇಸರ ಕಳೆಯಲೆಂದು ನಾನೇ ಟ್ರ್ಯಾಕ್ಟರ್ ಸ್ಪೀಕರಿನಲ್ಲಿ ಇಂಗ್ಲಿಷ್ ಹಾಡೊಂದನ್ನು ಮತ್ತೆ ಮತ್ತೆ ಹಾಕಿದ್ದೆ. ಗಿಟಾರಿನ ಜಿಗಿತಕ್ಕೆ, ಡ್ರಮ್ಮಿನ ಏಟಿಗೆ ಕೈಗಳು ಓಡಿ, ಮಧ್ಯಾಹ್ನದೊಳಗೆ ಮುಕ್ಕಾಲು ಗದ್ದೆ ಮುಗಿದಿತ್ತು.

“ಯಾಕವ್ವ, ಚಲೋ ಇಲ್ಲೇನು?”

“ಚಲೋ ಐತ್ರಿ, ಅದಕ್ಕ ಕೈ ನಿಲ್ಲಂಗಿಲ್ಲ. ನಮ್ಮ ನಾಟಿ ಪದದಾಗ ಒಂದೊಂದು ನುಡಿ ಮುಗಿದಾಗ ನಡಾ ನೆಟ್ಟಗ ಮಾಡಿ ಉಸಿರು ಬಿಡ್ತೀವಿ. ಇದರಾಗ ಆ ಜಾಗಾನ ಇಲ್ಲ.”

ಹಾಡು ನಿಲ್ಲಿಸಿದೆ. ಅವರು ತಮ್ಮ ಪದ ಎತ್ತಿಕೊಳ್ಳಲಿಲ್ಲ. ಹಾಡುವಷ್ಟು ಉಸಿರು ಯಾರಲ್ಲೂ ಉಳಿದಿರಲಿಲ್ಲ.

ಆ ಹಾಡು ಈಗಲೂ ನನ್ನ ಫೋನಿನಲ್ಲಿದೆ. ಕೇಳಿದರೆ ಕಾಲು ತಾನಾಗಿಯೇ ತಾಳ ಹಾಕುತ್ತದೆ, ಆಮೇಲೆ ನಾಚಿಕೆಯಾಗುತ್ತದೆ.